ಮೂರು ಸಾಕ್ಷಿಗಳ ಕಂಪ್ಯೂಟರು

ಹೊಳೆನರಸೀಪುರದ ಪತ್ರದ ಅಯ್ನೋರು ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ಹದಿನೈದು ದಿನ ತಡವಾಗಿ, ಅದೂ ಚನ್ನರಾಯಪಟ್ಟಣದ ಬಸ್ಸಿನಲ್ಲಿ. ಪಕ್ಕದ ಸೀಟಿನಲ್ಲಿ ಕೂತಿದ್ದ ಹೆಂಗಸು ಅವರ ಬೀದಿಯವರಂತೆ. ಶಾಂತಿಗ್ರಾಮ ದಾಟುವ ಹೊತ್ತಿಗೆ ಪರಿಚಯ ಹೊರಬಿದ್ದು, "ಅಯ್ಯೋ, ನಿಮಗೆ ಗೊತ್ತಾಗ್ಲಿಲ್ವಾ? ವೈಕುಂಠ ಸಮಾರಾಧನೆನೂ ಆಗ್ಹೋಯ್ತಲ್ಲ" ಎಂದರು. ಆಗ ನಾನು ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಳ್ಳಬೇಕಿತ್ತು. ಬಂದದ್ದು ನಗು. ಆಕೆ ನನ್ನನ್ನು ಒಂದು ಥರ ನೋಡಿ ತಮ್ಮ ಚೀಲವನ್ನು ಆ ಕಡೆಗೆ ಎಳೆದುಕೊಂಡರು.

ನಗು ಬಂದದ್ದಕ್ಕೆ ಕಾರಣ ಹೇಳುತ್ತೇನೆ. ಅವರೆಂದರೆ ನನ್ನ ಕಣ್ಣಿಗೆ ಮೊದಲು ಕಾಣುವುದು ಅವರ ಕಂಪ್ಯೂಟರ್ ಪರದೆಯ ಕೆಳಗಿನ ಬಲಮೂಲೆ. ಅಲ್ಲಿ ಗಡಿಯಾರದ ಪಕ್ಕ ಒಂದು ಗುರಾಣಿ, ಒಂದು ಬೀಗ, ಒಂದು ಕಣ್ಣು, ಹೀಗೆ ಮೂರು ಪುಟ್ಟ ಚಿತ್ರಗಳು ಸಾಲಾಗಿ ಕೂತಿರುತ್ತಿದ್ದವು. ಮೂರೂ ವೈರಸ್ ಹಿಡಿಯುವ ಬೇರೆ ಬೇರೆ ಪ್ರೋಗ್ರಾಮುಗಳು. ಒಂದು ಕಂಪ್ಯೂಟರಿಗೆ ಒಂದು ಸಾಕು, ಎರಡಾದರೆ ಜಗಳ, ಮೂರಾದರೆ ಮನೆಯೇ ನಿಲ್ಲುವುದಿಲ್ಲ ಎಂದು ಅವರಿಗೆ ಏನಿಲ್ಲವೆಂದರೂ ಇಪ್ಪತ್ತು ಸಲ ಹೇಳಿದ್ದೇನೆ. ಇಪ್ಪತ್ತು ಸಲವೂ ಅವರು ಶ್ರದ್ಧೆಯಿಂದ ಕೇಳಿ, ತಲೆದೂಗಿ, ನನ್ನ ತಟ್ಟೆಗೆ ಇನ್ನೊಂದು ಚಕ್ಕುಲಿ ಹಾಕಿಸಿದ್ದಾರೆ.

ಅವರ ಕೆಲಸ ಪತ್ರ ಬರೆಯುವುದು. ಹೊಲ ಮನೆ ಮಾರುವವರು, ಕೊಳ್ಳುವವರು, ಪಾಲು ಮಾಡಿಕೊಳ್ಳುವ ಅಣ್ಣತಮ್ಮಂದಿರು ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗುವ ಮುಂಚೆ ದೇವಸ್ಥಾನದ ಹಿಂದಿನ ಬೀದಿಯಲ್ಲಿದ್ದ ಇವರ ಮನೆಯ ಜಗಲಿ ಹತ್ತುತ್ತಿದ್ದರು. ಅವರ ತಂದೆಯದೂ ಅದೇ ವೃತ್ತಿ. ನಲವತ್ತು ವರ್ಷದಲ್ಲಿ ಅಯ್ನೋರು ಬರೆದ ಒಂದು ಪತ್ರವೂ ಕೋರ್ಟಿನಲ್ಲಿ ಬಿದ್ದಿಲ್ಲ ಎಂಬ ಮಾತು ಆ ಸೀಮೆಯಲ್ಲಿತ್ತು. ಆ ಮಾತನ್ನು ಎಲ್ಲರಿಗಿಂತ ಹೆಚ್ಚು ಸಲ ಹೇಳುತ್ತಿದ್ದವರು ಅವರೇ. ಅವರ ಪತ್ರದಲ್ಲಿ ವಾಕ್ಯ ಒಂದು ಸಲ ಶುರುವಾಯಿತೆಂದರೆ ನಾಲ್ಕು ಹಾಳೆ ದಾಟಿದ ಮೇಲೇ ನಿಲ್ಲುತ್ತಿತ್ತು. ಮಧ್ಯೆ ಒಂದಾದರೂ ಪೂರ್ಣವಿರಾಮ ಇಡಬಾರದೇ ಎಂದು ಕೇಳಿದ್ದಕ್ಕೆ, "ಪೂರ್ಣವಿರಾಮ ಇಟ್ಟ ಜಾಗದಲ್ಲಿ ವಕೀಲ ನುಗ್ತಾನಮ್ಮ" ಎಂದಿದ್ದರು.

ಇನ್ನು ಸಾಕ್ಷಿಗಳ ವಿಷಯ. ಪತ್ರಕ್ಕೆ ಇಬ್ಬರು ಸಾಕ್ಷಿ ಹಾಕಿದರೆ ಸಾಕು. ಇವರು ಮೂವರಿಗೆ ಕಡಿಮೆ ಹಾಕಿಸಿದವರಲ್ಲ. ಆ ಮೂವರೂ ಬೇರೆ ಬೇರೆ ಊರಿನವರಾಗಬೇಕು, ಒಬ್ಬರಿಗೊಬ್ಬರು ನೆಂಟರಾಗಿರಬಾರದು, ಸಾಧ್ಯವಾದರೆ ಪರಿಚಯವೂ ಇರಬಾರದು.

"ಕಾನೂನು ಇಬ್ಬರು ಸಾಕು ಅನ್ನುತ್ತೆ. ಕಾನೂನಿಗೇನು, ಅದು ಹೊಳೆನರಸೀಪುರದಲ್ಲಿ ಸಂಸಾರ ಮಾಡಿಲ್ಲ" ಎನ್ನುತ್ತಿದ್ದರು. "ಒಬ್ಬ ಸಾಯ್ತಾನೆ, ಒಬ್ಬ ತಿರುಗಿ ಬೀಳ್ತಾನೆ. ಹೇಳೋಕೆ ಇನ್ನೊಬ್ಬ ಉಳೀಬೇಕೋ ಬೇಡ್ವೋ?"

ಹೊಸ ಶತಮಾನ ಶುರುವಾಗಿ ಒಂದೆರಡು ವರ್ಷವಾಗಿತ್ತು. ನಾನು ಆಗ ಹಾಸನದ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಪಾಠ ಹೇಳುತ್ತಿದ್ದೆ. ಸೆಂಟರಿನವರು ಬಿಡಿಭಾಗ ತರಿಸಿ ಕಂಪ್ಯೂಟರ್ ಜೋಡಿಸಿ ಮಾರುತ್ತಲೂ ಇದ್ದರು. ಅಯ್ನೋರು ಅಲ್ಲಿಗೇ ಬಂದು, ಒಂದು ಗಂಟೆ ಪ್ರಶ್ನೆ ಕೇಳಿ, ಒಂದು ಕೊಂಡುಕೊಂಡರು. ಅದರ ಜೊತೆಗೆ ಒಂದು ತಿಂಗಳು ಮನೆಗೆ ಬಂದು ಕಲಿಸಿಕೊಡುವ ಕರಾರು. ಹಾಗೆ ಶನಿವಾರ ಶನಿವಾರ ಬೆಳಗಿನ ಬಸ್ಸಿನಲ್ಲಿ ಹೊಳೆನರಸೀಪುರಕ್ಕೆ ಹೊರಟವಳು ನಾನು. ಒಂದು ತಿಂಗಳ ಕರಾರು ಎರಡು ವರ್ಷ ನಡೆಯಿತು. ಅದರಲ್ಲಿ ಕಲಿಸಿದ್ದು ನಾಲ್ಕು ಶನಿವಾರ. ಉಳಿದ ಶನಿವಾರಗಳೆಲ್ಲ ಆ ಮೂರು ಪ್ರೋಗ್ರಾಮುಗಳ ವ್ಯಾಜ್ಯ ಬಗೆಹರಿಸುವುದಕ್ಕೇ ಹೋದವು.

ಮೊದಲನೆಯದು ಕಂಪ್ಯೂಟರಿನ ಜೊತೆಗೇ ನಮ್ಮ ಸೆಂಟರಿನಿಂದ ಬಂದದ್ದು. ಎರಡನೆಯದರ ಸಿಡಿ ಯಾವುದೋ ಪತ್ರಿಕೆಯ ಜೊತೆ ಪುಕ್ಕಟೆ ಬಂದಿತ್ತಂತೆ, ಅರಕಲಗೂಡಿನ ಒಬ್ಬ ಮೇಷ್ಟರು ಕೊಟ್ಟಿದ್ದರು. ಮೂರನೆಯದನ್ನು ಅವರು ಚನ್ನರಾಯಪಟ್ಟಣಕ್ಕೆ ಮದುವೆಗೆ ಹೋದಾಗ, ಊಟಕ್ಕೆ ಎಲೆ ಹಾಕುವುದು ತಡವೆಂದು ಬೀದಿಗೆ ಬಂದು, ಅಂಗಡಿಯೊಂದರಲ್ಲಿ ಕೊಂಡಿದ್ದರು. ಅವುಗಳ ಇಂಗ್ಲಿಷ್ ಹೆಸರು ಅವರ ಬಾಯಿಗೆ ಹತ್ತಲಿಲ್ಲ. ಹಾಸನದವನು, ಅರಕಲಗೂಡಿನವನು, ಚನ್ನರಾಯಪಟ್ಟಣದವನು ಎಂದೇ ಕರೆಯುತ್ತಿದ್ದರು. ಮೂವರೂ ಬೇರೆ ಬೇರೆ ಊರಿನವರು, ಒಬ್ಬರಿಗೊಬ್ಬರು ಪರಿಚಯವಿಲ್ಲದವರು, ಅಂದಮೇಲೆ ಒಳ್ಳೆಯ ಸಾಕ್ಷಿಗಳು ಎಂಬುದು ಅವರ ಲೆಕ್ಕ.

ಪರಿಚಯ ಆಗುವುದಕ್ಕೇನು ತಡವಾಗಲಿಲ್ಲ. ಹಾಸನದವನು ತಾನು ಹಿಡಿಯಬೇಕಾದ ವೈರಸ್‌ಗಳ ಗುರುತುಗಳನ್ನೆಲ್ಲ ಒಂದು ಕಡೆ ಬರೆದಿಟ್ಟುಕೊಂಡಿದ್ದ. ಅರಕಲಗೂಡಿನವನು ಆ ಪಟ್ಟಿ ನೋಡಿ, ಇಲ್ಲೇ ಇದೆ ವೈರಸ್ಸಿನ ಸಂತೆ ಎಂದು ಕೂಗಿಕೊಂಡ. ಅವನು ಕೂಗಿದ್ದಕ್ಕೆ ಚನ್ನರಾಯಪಟ್ಟಣದವನು ಎದ್ದು, ಅರಕಲಗೂಡಿನವನ ನಡವಳಿಕೆಯೇ ಅನುಮಾನಾಸ್ಪದ ಎಂದು ಇಂಗ್ಲಿಷಿನಲ್ಲಿ ಕೆಂಪಕ್ಷರದ ನೋಟೀಸು ಕೊಟ್ಟ. ಪರದೆಯ ಮೇಲೆ ಒಂದರ ಮೇಲೊಂದು ಮೂರು ಪೆಟ್ಟಿಗೆ ಬಿದ್ದವು. ಯಾವುದಕ್ಕೆ ಹೌದೆನ್ನಬೇಕು, ಯಾವುದಕ್ಕೆ ಅಲ್ಲವೆನ್ನಬೇಕು ಎಂದು ನನಗೇ ತಿಳಿಯಲಿಲ್ಲ.

"ನೋಡಿ ಸಾರ್, ಒಂದು ಒರೆಯಲ್ಲಿ ಎರಡು ಕತ್ತಿ ಹಿಡಿಸಲ್ಲ ಅಂತಾರೆ. ನೀವು ಮೂರು ತುರುಕಿದ್ದೀರಿ" ಎಂದೆ.

"ಕತ್ತಿ ಯಾರಮ್ಮ ತಂದ್ರು? ಇವರು ಸಾಕ್ಷಿಗಳು. ಜಗಳ ಆಡ್ತಿದಾರೆ ಅಂದ್ರೆ ಸಂತೋಷಪಡು. ಮೂರು ಜನ ಸಾಕ್ಷಿಗಳೂ ಒಂದೇ ಮಾತು ಹೇಳಿದ್ರೆ ಯಾರೋ ಮೂವರಿಗೂ ಹೋಟೆಲಲ್ಲಿ ತಿಂಡಿ ಕೊಡಿಸಿದಾರೆ ಅಂತಲೇ ಅರ್ಥ."

ಇಂಥ ವಾದದ ಮುಂದೆ ನನ್ನ ಡಿಪ್ಲೊಮಾ ಏನು ಮಾಡೀತು.

ಮೂವರು ಕಾವಲುಗಾರರು ಎದ್ದು, ಮುಖ ತೊಳೆದು, ಇಡೀ ಮನೆಯನ್ನು ಮೂರು ಸಲ ತಡಕಾಡಿ ಮುಗಿಸುವವರೆಗೆ ಆ ಬಡ ಕಂಪ್ಯೂಟರು ಬೇರೆ ಯಾವ ಕೆಲಸಕ್ಕೂ ಬಗ್ಗುತ್ತಿರಲಿಲ್ಲ. ಅಯ್ನೋರು ಬೆಳಿಗ್ಗೆ ಸ್ವಿಚ್ ಹಾಕಿ ಸ್ನಾನಕ್ಕೆ ಹೋಗುವರು. ಸಂಧ್ಯಾವಂದನೆ ಮುಗಿಸಿ ಇಣುಕಿ ನೋಡಿದರೆ ಪರದೆಯ ಮೇಲೆ ಮರಳುಗಡಿಯಾರ. ಮತ್ತೆ ಹೋಗಿ ಪೂಜೆಗೆ ಕೂರುವರು.

"ಮೊದಲೆಲ್ಲ ಹತ್ತು ನಿಮಿಷದಲ್ಲಿ ಮಂಗಳಾರತಿ ಎತ್ತಿಬಿಡೋರು" ಎಂದು ಅವರ ಹೆಂಡತಿ ನನ್ನ ಹತ್ತಿರ ಹೇಳಿದ್ದರು. "ಈ ಮಿಷಿನ್ ಬಂದ್ಮೇಲೆ ಸಹಸ್ರನಾಮ ಪೂರ್ತಿ ಹೇಳ್ತಾರೆ ಕಣಮ್ಮ. ನನಗೇನು ನಷ್ಟ, ಅರ್ಧ ಪುಣ್ಯ ನನ್ನದೇ ತಾನೆ."

ನಾನು ಇದನ್ನೆಲ್ಲ ಸೆಂಟರಿನಲ್ಲಿ ಬಣ್ಣ ಕಟ್ಟಿ ಹೇಳಿ ಎಲ್ಲರನ್ನೂ ನಗಿಸುತ್ತಿದ್ದೆ. ಅದು ಬರಿಯ ಹಟ, ಮುದುಕರ ಭಯ ಎಂದುಕೊಂಡಿದ್ದೆ. ಹಾಗಲ್ಲವೆಂದು ತಿಳಿದದ್ದು ಮೌಸಿನಿಂದ. ಅವರಿಗೆ ಮೌಸ್ ಎಂದರೆ ಆಗುತ್ತಿರಲಿಲ್ಲ. ಒಂದು ತಿಂಗಳಲ್ಲಿ ಎರಡು ಮೌಸ್ ಬದಲಾಯಿಸಿ, ಮೂರನೆಯದೂ ಕೆಟ್ಟಿದೆ ಎಂದರು. ನಾನು ಹಿಡಿದರೆ ಚೆನ್ನಾಗಿಯೇ ಓಡುತ್ತಿತ್ತು. "ನೀವು ಒಂದ್ಸಲ ಹಿಡೀರಿ ಸಾರ್, ಏನಾಗುತ್ತೆ ನೋಡೋಣ" ಎಂದರೆ, "ನೀನೇ ಒತ್ತಮ್ಮ, ನಿನಗೆ ಅಭ್ಯಾಸ ಇದೆ" ಎಂದು ಕೈಯನ್ನು ಪಂಚೆಯ ಮಡಿಕೆಯೊಳಗೆ ಇಟ್ಟುಕೊಳ್ಳುವರು. ಟೈಪು ಮಾಡುತ್ತಿದ್ದದ್ದು ಎಡಗೈಯ ಒಂದೇ ಬೆರಳಿನಲ್ಲಿ. ಕಾಫಿ ಬಂದರೆ ನನಗೆ ಮಾತ್ರ. ತಾವು ಬಿಟ್ಟಿದ್ದೇನೆ ಎನ್ನುತ್ತಿದ್ದರು. ಒಂದು ಶನಿವಾರ ನಾನು ಮರೆತ ಕೊಡೆ ತೆಗೆದುಕೊಳ್ಳಲು ವಾಪಸ್ಸು ಬಂದೆ. ಅಯ್ನೋರು ನಡುಮನೆಯಲ್ಲಿ ಕೂತು ಎರಡು ಕೈಯಲ್ಲೂ ಲೋಟ ಹಿಡಿದು, ಬಗ್ಗಿ, ಕಾಫಿ ಕುಡಿಯುತ್ತಿದ್ದರು. ಎತ್ತಿ ಕುಡಿಯುವ ಮನೆತನದವರು, ಲೋಟವನ್ನು ಕಚ್ಚಿ ಕುಡಿಯುತ್ತಿದ್ದರು. ಅಷ್ಟಾದರೂ ಅರ್ಧ ಕಾಫಿ ಪಂಚೆಯ ಮೇಲಿತ್ತು. ನಾನು ಕೊಡೆ ತೆಗೆದುಕೊಂಡು ಅಡುಗೆಮನೆಗೆ ಹೋದೆ.

"ಎರಡು ವರ್ಷವಾಯ್ತು" ಎಂದರು ಅವರ ಹೆಂಡತಿ, ಒಲೆಯ ಕಡೆ ಮುಖ ಮಾಡಿಕೊಂಡೇ. "ಸುಮ್ನೆ ಇದ್ದಾಗ ಏನೂ ಇಲ್ಲ. ಏನಾದ್ರೂ ಹಿಡಿಯೋಕೆ, ಬರಿಯೋಕೆ ಹೋದ್ರೆ ಬಲಗೈ ಕುಣಿಯುತ್ತೆ. ಮೈಸೂರಿನ ಡಾಕ್ಟ್ರು ಜೀವಕ್ಕೇನೂ ಅಪಾಯ ಇಲ್ಲ, ವಾಸಿನೂ ಆಗಲ್ಲ ಅಂದ್ರು. ಬರಿಯೋನ ಕೈ ನಡುಗುತ್ತೆ ಅಂದ್ರೆ ಯಾರು ಬರ್ತಾರೆ ಹೇಳು. ಅದಕ್ಕೇ ಈ ಮಿಷಿನ್ ತಂದಿದ್ದು. ಕಾಲಕ್ಕೆ ತಕ್ಕ ಹಾಗೆ ಇರ್ಬೇಕು ಅಂತ ಊರಿಗೆಲ್ಲ ಹೇಳ್ಕೊಂಡ್ರು. ಅದು ನಿಂತ್ರೆ ತಮ್ಮ ಕೈ ನಿಂತ ಹಾಗೆ ಅಂತ ದಿಗಿಲು. ಅದಕ್ಕೇ ಅಷ್ಟೊಂದು ಕಾವಲು."

ದಿಗಿಲಿಗೆ ಇನ್ನೂ ಒಂದು ಕಾರಣವಿತ್ತು. ಹಳೆಯ ಪತ್ರದ ಮೇಲೆ ದಾವೆ ಬಿದ್ದರೆ ಬರೆದವರನ್ನು ಕೋರ್ಟಿಗೆ ಕರೆಸುತ್ತಾರೆ; ಇದು ನಿಮ್ಮ ಕೈಬರಹವೇ, ಇದು ನಿಮ್ಮ ರುಜುವೇ ಎಂದು ಕೇಳುತ್ತಾರೆ. ಅಯ್ನೋರ ರುಜು ಕೆಟ್ಟಿದೆ ಎಂದು ತಿಳಿದರೆ ಅದನ್ನೇ ಹಿಡಿದು ಜಗ್ಗುವವರು ಇದ್ದೇ ಇದ್ದರು. ಕಚೇರಿಯ ಜಗಲಿಯಲ್ಲಿ ಪೆಟ್ಟಿಗೆ ಇಟ್ಟುಕೊಂಡು ಕೂರುತ್ತಿದ್ದ ಉಳಿದ ಪತ್ರ ಬರಹಗಾರರಿಗೆ ಇದು ಗೊತ್ತಾದರಂತೂ ಸಂಜೆಯೊಳಗೆ ಊರೆಲ್ಲ ಹಬ್ಬುತ್ತಿತ್ತು. ಹಾಗಾಗಿ ಪತ್ರವನ್ನು ಕಂಪ್ಯೂಟರಿನಲ್ಲಿ ಮಾಡಿ, ಕೊನೆಗೆ ಹಾಕಬೇಕಾದ ಒಂದೇ ಒಂದು ರುಜುವನ್ನು ಕೋಣೆಯ ಬಾಗಿಲು ಹಾಕಿಕೊಂಡು, ಬಲಗೈ ಮಣಿಕಟ್ಟನ್ನು ಎಡಗೈಯಲ್ಲಿ ಒತ್ತಿ ಹಿಡಿದು, ಹೇಗೋ ಹಾಕಿ ತರುತ್ತಿದ್ದರು. ನನಗೆ ಗೊತ್ತಾಗಿದೆ ಎಂದು ಅವರಿಗೂ ಗೊತ್ತಿತ್ತು. ಅಂದಿನಿಂದ ನಾನು ಒಂದು ಸಾಕು ಎಂದು ಉಪದೇಶ ಮಾಡುವುದನ್ನು ಸ್ವಲ್ಪ ಕಡಿಮೆ ಮಾಡಿದೆ. ಪೂರ್ತಿ ಬಿಡಲಿಲ್ಲ, ಬಿಟ್ಟರೆ ಅವರಿಗೇ ಬೇಜಾರಾಗುತ್ತಿತ್ತು.

ಹೀಗಿರುವಾಗ ಹಳ್ಳಿಮೈಸೂರು ಕಡೆಯ ಅಣ್ಣ ತಮ್ಮ ಇಬ್ಬರ ಪಾಲುಪತ್ರ ಬಂತು. ಅಪ್ಪ ಸತ್ತು ಆರು ವರ್ಷವಾಗಿತ್ತು. ಹೊಲ ಹಂಚಿಕೊಳ್ಳುವುದಕ್ಕೆ ಇಬ್ಬರೂ ಒಪ್ಪಿದ್ದರು, ಆದರೆ ತಮ್ಮನ ಪಾಲಿಗೆ ಹೋಗಬೇಕಾದರೆ ಅಣ್ಣನ ಹೊಲ ಹಾಯ್ದು ಗಾಡಿ ಹೋಗಬೇಕು. ಆ ಗಾಡಿ ದಾರಿಯ ಅಗಲ ಎಷ್ಟು ಎನ್ನುವುದರ ಮೇಲೆ ಮಾತು ನಿಂತು, ಮನೆಯಲ್ಲಿ ಎರಡು ಒಲೆಯಾಗಿ, ಒಂದು ಸಲ ಕುಡುಗೋಲು ಎತ್ತುವವರೆಗೂ ಹೋಗಿತ್ತಂತೆ. ಅಯ್ನೋರು ಎಂಟು ತಿಂಗಳು ಇಬ್ಬರನ್ನೂ ಬೇರೆ ಬೇರೆ ದಿನ ಕರೆಸಿ, ಬೈದು, ತಿಂಡಿ ಕೊಟ್ಟು, ಮತ್ತೆ ಬೈದು, ಒಂದು ದಾರಿಗೆ ತಂದಿದ್ದರು. ಅಣ್ಣ ಬರುವ ದಿನ ತಮ್ಮ ಬರುವಂತಿರಲಿಲ್ಲ. ಬಂದರೆ ಒಬ್ಬ ಜಗಲಿಯ ಈ ತುದಿ, ಒಬ್ಬ ಆ ತುದಿ. ಕೊನೆಗೆ ಒಂದು ಶನಿವಾರ ರಾಹುಕಾಲ ಕಳೆದ ಮೇಲೆ ರಿಜಿಸ್ಟರ್ ಮಾಡಿಸುವುದೆಂದು ಗೊತ್ತಾಯಿತು. ಆ ದಿನ ತಪ್ಪಿದರೆ ತಮ್ಮನ ಹೆಂಡತಿಯ ಕಡೆಯವರು ಅವನ ಮನಸ್ಸು ತಿರುಗಿಸಿಬಿಡುತ್ತಾರೆ ಎಂದು ಅಯ್ನೋರಿಗೆ ಖಚಿತವಾಗಿ ಗೊತ್ತಿತ್ತು.

ಹಿಂದಿನ ದಿನ ಸಾಯಂಕಾಲ ಸೆಂಟರಿಗೆ ಫೋನು. "ಅಮ್ಮಾ, ಪತ್ರ ಕಾಣಿಸ್ತಾ ಇಲ್ಲ" ಎಂದರು. ಎರಡು ವರ್ಷದಲ್ಲಿ ಅವರ ಮಾತು ಅಷ್ಟು ಚಿಕ್ಕದಾಗಿದ್ದದ್ದು ಅದೇ ಮೊದಲು.

ಬೆಳಿಗ್ಗೆ ಮೊದಲ ಬಸ್ಸಿಗೆ ಹೋದೆ. ನಡೆದದ್ದು ಇಷ್ಟು. ಪತ್ರದ ಕರಡನ್ನು ಹಾಸನದಲ್ಲಿ ಪ್ರಿಂಟ್ ತೆಗೆಸಿ ನೋಡಬೇಕೆಂದು ಫ್ಲಾಪಿಯಲ್ಲಿ ಕಳಿಸಿದ್ದರು. ಅಲ್ಲಿ ಪ್ರಿಂಟರ್ ಕೆಟ್ಟು ಪ್ರಿಂಟ್ ಆಗಲಿಲ್ಲ, ಫ್ಲಾಪಿ ಮಾತ್ರ ಯಾವುದೋ ಸಣ್ಣ ವೈರಸ್ಸನ್ನು ಅಂಟಿಸಿಕೊಂಡು ವಾಪಸ್ಸು ಬಂದು, ಕಂಪ್ಯೂಟರಿಗೆ ಹಾಕಿದಾಗ ಒಳಗಿದ್ದ ಪತ್ರಕ್ಕೂ ಅದನ್ನು ಹತ್ತಿಸಿತ್ತು. ಪಾಪದ್ದು, ಅಕ್ಷರ ತಿನ್ನುವ ಜಾತಿಯದೇ ಅಲ್ಲ. ಒಬ್ಬನೇ ಕಾವಲುಗಾರ ಇದ್ದಿದ್ದರೆ ಅದನ್ನು ಒರೆಸಿ ಬಿಸಾಡಿ ಪತ್ರವನ್ನು ಕೈಗೆ ಕೊಡುತ್ತಿದ್ದ. ಇಲ್ಲಿ ಹಾಸನದವನು ಮೊದಲು ಹಿಡಿದು ಪತ್ರಕ್ಕೆ ಬೀಗ ಹಾಕಿದ. ಅರಕಲಗೂಡಿನವನು ಅವನ ಕೈಯಿಂದ ಕಿತ್ತು ಹೆಸರು ಬದಲಾಯಿಸಿ ತನ್ನ ಲಾಕಪ್ಪಿಗೆ ದಬ್ಬಿದ. ಚನ್ನರಾಯಪಟ್ಟಣದವನು ಆ ಲಾಕಪ್ಪನ್ನೇ ಅನುಮಾನಿಸಿ ಒಳಗಿದ್ದದ್ದನ್ನೆಲ್ಲ ಅಳಿಸಿದ. ಗಾಬರಿಯಾದ ಅಯ್ನೋರು ಫ್ಲಾಪಿಯಲ್ಲಿ ನಕಲಿದೆಯಲ್ಲ ಎಂದು ಅದನ್ನು ಮತ್ತೆ ಹಾಕಿದ್ದಾರೆ. ಮೂವರೂ ಅದರ ಮೇಲೂ ಬಿದ್ದು ಅದನ್ನೂ ಮುಗಿಸಿದ್ದರು. ನಾನು ಎರಡು ಗಂಟೆ ಒದ್ದಾಡಿದೆ. ಪರದೆ ಒಂದು ಸಲ ನೀಲಿಯಾಯಿತು, ಒಂದು ಸಲ ಕಪ್ಪಾಯಿತು, ಆಮೇಲೆ ಏಳಲೇ ಇಲ್ಲ.

ಹತ್ತು ಗಂಟೆಗೆ ಅಣ್ಣ ತಮ್ಮ ಬಂದು ಜಗಲಿಯ ಎರಡು ತುದಿಯಲ್ಲಿ ಕೂತರು. ವಿಷಯ ಕೇಳಿ ಅಣ್ಣ ತಲೆ ಕೆರೆದುಕೊಂಡು, "ಬೇಲಿನೇ ಎದ್ದು ವಲ ಮೇಯ್ದಂಗಾಯ್ತಲ್ಲ ಸಾ" ಎಂದ. ನಾನು ಎರಡು ವರ್ಷ ಹೇಳಲು ಹೆಣಗಿದ್ದನ್ನು ಅವನು ಒಂದೇ ಮಾತಿನಲ್ಲಿ ಹೇಳಿಬಿಟ್ಟ. ತಮ್ಮ ಎದ್ದು ಟವೆಲ್ಲು ಕೊಡವಿ, "ಅಂಗಾರೆ ಇವತ್ತು ಆಗಕಿಲ್ಲ ಅನ್ನಿ. ಆಗ್ದಿದ್ರೆ ಓಗ್ಲಿ ಬುಡಿ, ನಮ್ ಭಾವ ಬ್ಯಾಡ ಅಂತ್ಲೇ ಇದ್ರು" ಎಂದ.

ಅಯ್ನೋರು ಅವನನ್ನೇ ನೋಡಿದರು. ಎಂಟು ತಿಂಗಳು ಅವರ ಮನೆಯಲ್ಲಿ ತಿಂದ ಉಪ್ಪಿಟ್ಟೆಲ್ಲ ಹೊಸಿಲು ದಾಟಿ ಹೊರಟು ನಿಂತಿತ್ತು. ಟೈಪಿಂಗಿನವನನ್ನು ಕರೆಸೋಣವೆಂದರೆ ಅವನು ಗೊರೂರಿಗೆ ನೆಂಟರ ಮನೆಗೆ ಹೋಗಿದ್ದ. ಪತ್ರದ ಒಕ್ಕಣೆಯೆಲ್ಲ ಅವರ ತಲೆಯಲ್ಲಿತ್ತು, ಛಾಪಾ ಕಾಗದ ಮೇಜಿನ ಮೇಲಿತ್ತು. ಇಲ್ಲದ್ದು ಒಂದು ಕೈ. ಅವರು ಪೆನ್ನಿನ ಕಡೆ ನೋಡಿ ಕೈಯನ್ನು ಪಂಚೆಯೊಳಗೆ ಎಳೆದುಕೊಂಡದ್ದನ್ನು ನೋಡಿದೆ. ನಾನೇ ಪೆನ್ನು ಎತ್ತಿಕೊಂಡೆ.

"ನೀವು ಹೇಳಿ ಸಾರ್, ನಾನು ಬರೀತೀನಿ" ಎಂದೆ.

"ನಿನ್ನ ಅಕ್ಷರ ಹೇಗಿದೆ?"

"ಮೇಷ್ಟ್ರು ಹತ್ತಕ್ಕೆ ಎಂಟು ಕೊಡ್ತಿದ್ರು."

"ಉಳಿದೆರಡು ನಾನು ನೋಡ್ಕೋತೀನಿ. ಕೂತ್ಕೋ" ಎಂದರು. ಅಷ್ಟು ಹೊತ್ತಿಗೆ ಅವರ ದನಿ ವಾಪಸ್ಸು ಬಂದಿತ್ತು.

ಆಮೇಲೆ ನಡೆದದ್ದನ್ನು ನಾನು ಮರೆತಿಲ್ಲ. ಅವರು ಕಣ್ಣು ಮುಚ್ಚಿ ಕಂಬಕ್ಕೊರಗಿ ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ. ಸರ್ವೆ ನಂಬರು, ವಿಸ್ತೀರ್ಣ, ನಾಲ್ಕು ದಿಕ್ಕಿನ ಚೆಕ್ಕುಬಂದಿ, ಎಲ್ಲಿ ಬೇಲಿ, ಎಲ್ಲಿ ಓಣಿ, ಯಾವ ಬದುವಿನ ಮೇಲೆ ಎಷ್ಟು ತೆಂಗಿನ ಮರ, ಗಾಡಿ ದಾರಿ ಎಲ್ಲಿಂದ ಎಲ್ಲಿಗೆ, ಎಷ್ಟು ಅಡಿ, ಸುಗ್ಗಿಯಲ್ಲಿ ಹೊರೆ ಹೇರಿದ ಗಾಡಿ ಬಂದರೆ ಯಾರು ಪಕ್ಕಕ್ಕೆ ಸರಿಯಬೇಕು. ಒಂದು ಅಂಕಿಯೂ ತಪ್ಪಲಿಲ್ಲ. ನಡುವೆ ಒಂದೆರಡು ಸಲ ಅಣ್ಣ ತಮ್ಮ ಇಬ್ಬರೂ ತುದಿಯಿಂದ ಸರಿದು ಬಂದು ಕತ್ತು ಚಾಚಿ ಕೇಳಿದರು. ವಾಕ್ಯ ಮೂರನೆಯ ಹಾಳೆಗೆ ಬಂದರೂ ಮುಗಿಯದೆ ನನ್ನ ಬೆರಳು ಮರಗಟ್ಟಿತು. ಎಲ್ಲಾದರೂ ಒಂದು ಪೂರ್ಣವಿರಾಮ ಹಾಕಿಬಿಡೋಣ ಎಂದು ಪೆನ್ನು ಸ್ವಲ್ಪ ಒತ್ತಿದೆ. ಅವರು ಕಣ್ಣು ಮುಚ್ಚಿಕೊಂಡೇ "ಉಹ್ಞೂಂ, ಬೇಡ" ಎಂದರು.

ಮುಂದಿನದೊಂದನ್ನು ಇಲ್ಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳುವುದಕ್ಕೆ ಮನಸ್ಸು ಬಾರದು. ಮುಂದಿನ ಶನಿವಾರ ನಾನು ಹೋಗಿ ಕಂಪ್ಯೂಟರನ್ನು ಹೊಸದಾಗಿ ಕಟ್ಟಿದೆ. ಯಾವ ವಾದವೂ ಇಲ್ಲದೆ, "ಇಬ್ಬರನ್ನ ಕಳಿಸಿಬಿಡಮ್ಮ, ಒಬ್ಬ ಸಾಕು" ಎಂದರು. ಯಾರನ್ನು ಉಳಿಸಲಿ ಎಂದು ಕೇಳಿದೆ. "ಚನ್ನರಾಯಪಟ್ಟಣದವನೇ ಇರಲಿ. ಪತ್ರ ಅಳಿಸಿದವನು ಅವನೇ ತಾನೆ? ಒಂದು ಸಲ ತಪ್ಪು ಮಾಡಿ ಸಿಕ್ಕಿಬಿದ್ದವನು ಹುಷಾರಾಗಿರ್ತಾನೆ" ಎಂದರು. ನಾನು ಮದುವೆಯಾಗಿ ಹಾಸನ ಬಿಡುವವರೆಗೂ ಆ ಕಂಪ್ಯೂಟರು ಒಬ್ಬನೇ ಕಾವಲುಗಾರನನ್ನು ಇಟ್ಟುಕೊಂಡು ತಕರಾರಿಲ್ಲದೆ ನಡೆಯಿತು. ಜನ ಬರುವುದೂ ನಿಲ್ಲಲಿಲ್ಲ. ಹೇಳುವುದು ಅವರು, ಬರೆಯುವುದು ಯಾರೋ ಒಬ್ಬರು.

ಆ ಶನಿವಾರಕ್ಕೇ ಬರುತ್ತೇನೆ. ಕೊನೆಯ ಹಾಳೆಗೆ ಬಂದಾಗ, ಸಾಹೇಬರು ಹನ್ನೆರಡೂವರೆಗೆ ಹಾಸನಕ್ಕೆ ಹೊರಡುತ್ತಾರಂತೆ ಎಂದು ಕಚೇರಿಯಿಂದ ಸುದ್ದಿ ಬಂತು. ಕಾಗದ ಬಾಚಿಕೊಂಡು ಎಲ್ಲರೂ ಓಡಿದೆವು. ಉಳಿದ ಹತ್ತು ಸಾಲನ್ನು ಕಚೇರಿಯ ಜಗಲಿಯ ಬೆಂಚಿನ ಮೇಲೆ ಬರೆಯಬೇಕಾಯಿತು. ಉಳಿದ ಪತ್ರ ಬರಹಗಾರರು ತಮ್ಮ ಪೆಟ್ಟಿಗೆಗಳ ಹಿಂದಿನಿಂದ, ಅಯ್ನೋರು ಪೆನ್ನು ಹಿಡಿಯದೆ ಯಾವಳೋ ಹುಡುಗಿಯ ಕೈಯಲ್ಲಿ ಬರೆಸುತ್ತಿರುವುದನ್ನು ನೋಡುತ್ತ ಕೂತಿದ್ದರು. ಅಣ್ಣ ತಮ್ಮ ರುಜು ಹಾಕಿದರು. ಮೂರು ಊರಿನ ಮೂವರು ಸಾಕ್ಷಿಗಳೂ ಹಾಕಿದರು. ಕೊನೆಗೆ ಉಳಿದದ್ದು ಬಿಕ್ಕಲಂ. ಅಂದರೆ ಈ ಪತ್ರ ಬರೆದವರು ಯಾರು ಎಂಬ ಒಂದು ಸಾಲು, ಅದರ ಕೆಳಗೆ ಅವರ ರುಜು.

ನಾನು "ಬಿಕ್ಕಲಂ" ಎಂದು ಬರೆದು ರೂಢಿಯಂತೆ ಅವರ ಹೆಸರು ಬರೆಯಹೊರಟೆ.

"ನಿಲ್ಲು" ಎಂದರು ಅಯ್ನೋರು. ಜಗಲಿಯನ್ನೆಲ್ಲ ಒಂದು ಸಲ ನೋಡಿದರು. ಆಮೇಲೆ ಹೊಲದ ಚೆಕ್ಕುಬಂದಿ ಹೇಳಿದ ದನಿಯಲ್ಲೇ ಹೇಳಿದರು. "ಬರ್ಕೋ. ನನ್ನ ಬಲಗೈ ನಡುಗುವ ಕಾರಣ, ಬರೆಯಲು ಅಶಕ್ತನಾಗಿರುವುದರಿಂದ, ನಾನು ಹೇಳಿದ ಒಕ್ಕಣೆಯಂತೆ ಈ ಪತ್ರವನ್ನು ಹಾಸನದ ವಾಸಿ ಇಂಥವರ ಮಗಳು ಇಂಥವಳು ಸ್ವಹಸ್ತದಿಂದ ಬರೆದಿರುತ್ತಾಳೆ. ನಿನ್ನ ಹೆಸರು, ನಿಮ್ಮ ತಂದೆ ಹೆಸರು ಸ್ಪಷ್ಟವಾಗಿ ಬರಿ."

ನನ್ನ ಪೆನ್ನು ಏಳಲಿಲ್ಲ. ಅಣ್ಣನೇ ಹತ್ತಿರ ಬಂದು ದನಿ ತಗ್ಗಿಸಿದ.

"ಅದ್ಯಾಕ್ ಬರಸ್ತೀರಿ ಬುಡಿ ಸಾ. ನಿಮ್ ಕೈ ನಡುಗೋದು ನಮ್ಗೇನ್ ಗೊತ್ತಿಲ್ವಾ? ಎಂಟ್ ತಿಂಗ್ಳಿಂದ ನಿಮ್ ಮನೇಲಿ ಉಪ್ಪಿಟ್ ತಿಂತಾ ಇವ್ನಿ, ನೀವು ಒಂದ್ ದಿನಾನೂ ನಮ್ ಜೊತೆ ತಿನ್ನಲಿಲ್ಲ. ಗೊತ್ತಾಗಕಿಲ್ವಾ? ನೀವೇ ಬರ್ದಿದ್ದು ಅಂತ ಆಕ್ಬುಡಿ. ಯಾರ್ ಕೇಳ್ತಾರೆ?"

"ನೀನು ಕೇಳಲ್ಲ ಕಣಪ್ಪ, ನಿನ್ನ ತಮ್ಮನೂ ಕೇಳಲ್ಲ" ಎಂದರು ಅಯ್ನೋರು. "ಇಪ್ಪತ್ತು ವರ್ಷ ಆದ್ಮೇಲೆ ನಿಮ್ಮ ಮಕ್ಕಳು ಕೇಳ್ತಾರೆ. ಈ ಅಕ್ಷರ ಆ ಮುದುಕನದಲ್ಲ, ಪತ್ರವೇ ಸುಳ್ಳು ಅಂತ ಒಬ್ಬ ವಕೀಲ ಎದ್ದು ನಿಂತ್ರೆ ನಿಮ್ಮ ಗಾಡಿ ದಾರಿ ಅಲ್ಲೇ ಮುಚ್ಚಿಹೋಗುತ್ತೆ. ನನ್ನ ಕೈ ಮುಚ್ಚಿಡೋಕೆ ನಿಮ್ಮ ದಾರಿ ಮುಚ್ಚಲೇನು?"

ನಾನು ಬರೆದೆ. ಹತ್ತಕ್ಕೆ ಹತ್ತು ಬರುವ ಹಾಗೆ ಬರೆದೆ. ಬರೆಯುವಾಗ ನನಗೆ ಅಕ್ಷರ ಮಸುಕಾಗಿ ಕಾಣುತ್ತಿತ್ತು. ಕಣ್ಣೀರು ಛಾಪಾ ಕಾಗದದ ಮೇಲೆ ಬಿದ್ದರೆ ಅದಕ್ಕೂ ಒಂದು ಷರಾ ಬರೆಸಿಯಾರೆಂದು ತಲೆ ಹಿಂದಕ್ಕೆ ಇಟ್ಟುಕೊಂಡೆ. ಆ ಸಾಲಿನ ಕೆಳಗೆ ನನ್ನ ರುಜು ಹಾಕಿ, ಪಕ್ಕದಲ್ಲಿ ಜಾಗ ಬಿಟ್ಟು, ಪೆನ್ನನ್ನು ಅವರ ಕಡೆ ಚಾಚಿದೆ.

ಅವರು ಪಂಚೆಯೊಳಗಿಂದ ಕೈ ತೆಗೆದು ಪೆನ್ನು ಹಿಡಿದರು. ಮಣಿಕಟ್ಟನ್ನು ಒತ್ತಿ ಹಿಡಿಯಲು ಎಡಗೈ ತರಲಿಲ್ಲ. ಕೈ ಕುಣಿಯಿತು, ಪೆನ್ನಿನ ಮೊನೆ ಬೆಂಚಿಗೆ ಬಡಿಯಿತು, ಕಾಗದ ಜಾರಿ ಸರಿಯಿತು. ಟವೆಲ್ಲು ಕೊಡವಿ ಹೊರಟಿದ್ದ ತಮ್ಮ ಬಗ್ಗಿ ಕಾಗದದ ಒಂದು ಅಂಚನ್ನು ಎರಡು ಬೆರಳಲ್ಲಿ ಒತ್ತಿ ಹಿಡಿದ. ಅಣ್ಣ ಇನ್ನೊಂದು ಅಂಚನ್ನು ಹಿಡಿದ. ಅವರಿಬ್ಬರ ತಲೆ ಒಂದಕ್ಕೊಂದು ತಾಗುವಷ್ಟು ಹತ್ತಿರ ಬಂದಿತ್ತು. ಒಳಗಿನಿಂದ ಜವಾನ ಬಂದು ಸಾಹೇಬರು ಕರೆಯುತ್ತಿದ್ದಾರೆ ಎಂದ. "ತಡ್ಕಳಪ್ಪ, ಅಯ್ನೋರು ರುಜು ಆಕ್ತಾವ್ರೆ" ಎಂದ ತಮ್ಮ, ಕಾಗದದಿಂದ ಬೆರಳು ತೆಗೆಯದೆ.